ಮನೆಗೂ ಬೇಕು, ದನಕ್ಕೂ ಬೇಕು

ನಮ್ಮ ಓಣಿಯ ಪಂಪ್‌ಹೌಸಿನ ಮೋಟಾರು ಶುರುವಾಗುವ ಮುಂಚೆ ಕೆಮ್ಮುತ್ತದೆ. ಗುರ್ ಗುರ್ ಎಂದು ಎರಡು ಸಲ, ಆಮೇಲೆ ಏನನ್ನೋ ನುಂಗಿದ ಹಾಗೆ ಒಂದು ಗುಳಕ್, ಆಮೇಲೆ ನೀರು. ಬೆಳಿಗ್ಗೆ ಆರಕ್ಕೆ ಆ ಕೆಮ್ಮು ಕೇಳಿದ ಕೂಡಲೇ ದೊಡ್ಡಮ್ಮ ಕೊಡ ಹಿಡಿದು ಬೀದಿ ನಲ್ಲಿಯ ಮುಂದೆ ನಿಂತಿರುತ್ತಿದ್ದಳು. ಒಂದು ದಿನ ಮೋಟಾರು ಹತ್ತು ನಿಮಿಷ ಬರೀ ಕೆಮ್ಮಿತು.

"ಏನಾಯ್ತೇ ಇದಕ್ಕೆ?" ಎಂದಳು ಪಕ್ಕದ ಮನೆಯವಳು.

"ಗಂಟಲು ಕಟ್ಟಿದೆ, ಇನ್ನೇನು," ಎಂದಳು ದೊಡ್ಡಮ್ಮ.

ಹಾಗೆ ಅಂದವಳು ಒಂದು ಕ್ಷಣ ತನ್ನ ಮಾತನ್ನೇ ಕೇಳಿಸಿಕೊಳ್ಳುತ್ತ ನಿಂತಳು. ಆಮೇಲೆ ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಓಡಿಬಂದು, ಪೆನ್ಸಿಲ್ ಹುಡುಕಿ, ಒಂದು ರಟ್ಟಿನ ಚೂರಿನ ಮೇಲೆ ಏನೋ ಗೀಚಿದಳು. ಅವಳು ಹೊರಗೆ ಹೋಗುವಷ್ಟರಲ್ಲಿ ನೀರು ಬಂದಿತ್ತು, ಅವಳ ಕೊಡದ ಜಾಗದಲ್ಲಿ ಬೇರೆಯವರ ಬಕೆಟ್ಟು ಕೂತಿತ್ತು. ಅವತ್ತು ಅದಕ್ಕೆ ಜಗಳವನ್ನೂ ಆಡಲಿಲ್ಲ.

ನನ್ನ ಅಮ್ಮನ ಅಕ್ಕ ಅವಳು. ಊರಿಗೆಲ್ಲ ರಟ್ಟಕ್ಕ. ಮುಖ್ಯ ಬೀದಿಯ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವ ಕೆಲಸ. ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದರ ಕೆಳಗೆ ಅವಳ ಮಣೆ. ಬಲಗಡೆ ಅಂಟಿನ ಡಬ್ಬ, ಎಡಗಡೆ ದಬ್ಬಳ ಚುಚ್ಚಿಟ್ಟ ಮೇಣದ ಉಂಡೆ, ಸುತ್ತಲೂ ಸೊಂಟದೆತ್ತರಕ್ಕೆ ಅಚ್ಚಾದ ಹಾಳೆಗಳು. ಕಾಲೇಜಿನವರು, ಕೋರ್ಟಿನವರು, ಆಸ್ಪತ್ರೆಯವರು, ಎಲ್ಲರ ಪುಸ್ತಕವೂ ಆ ಕಿಟಕಿಯ ಕೆಳಗೆ ಬಂದೇ ಹೋಗಬೇಕು. "ರಟ್ಟಕ್ಕ ಕಟ್ಟಿದ್ದು ಹರಿದೀತು, ಬಿಚ್ಚಲಿಕ್ಕಿಲ್ಲ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವಳು ದಾರಕ್ಕೆ ಮೇಣ ಉಜ್ಜುವ ಕೈ ಮಾತ್ರ ಸ್ವಲ್ಪ ಜೋರಾಗುತ್ತಿತ್ತು.

ಓದಿದ್ದು ಏಳನೇ ಕ್ಲಾಸು. ಉಳಿದದ್ದನ್ನೆಲ್ಲ ಓದಿದ್ದು ಆ ಕೋಣೆಯಲ್ಲಿ, ಅದೂ ಅಡ್ಡಾದಿಡ್ಡಿ. ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಒಟ್ಟಿಗೆ ಅಚ್ಚಾಗುತ್ತವೆ. ಅದಕ್ಕೆ ಫಾರಂ ಎನ್ನುತ್ತಾರೆ. ಮಡಿಸುವ ಮುಂಚೆ ಅದರಲ್ಲಿ ಒಂದನೇ ಪುಟದ ಪಕ್ಕ ಹದಿನಾರನೆಯದು, ನಾಲ್ಕರ ಪಕ್ಕ ಹದಿಮೂರು, ಅರ್ಧ ತಲೆಕೆಳಗು. ಹಾಗಾಗಿ ಅವಳು ಓದಿದ ಪತ್ತೇದಾರಿ ಕತೆಗಳಲ್ಲಿ ಕೊಲೆಗಾರ ಸಿಕ್ಕಿಬಿದ್ದ ಪುಟದ ಪಕ್ಕದಲ್ಲೇ ಕೊಲೆಯಾಗಬೇಕಾದವನು ಆರಾಮಾಗಿ ಕಾಫಿ ಕುಡಿಯುತ್ತ ಕೂತಿರುತ್ತಿದ್ದ. ಯಾವ ಮಾತಿಗೂ ಇನ್ನೊಂದು ಮಗ್ಗುಲಿದೆ, ಮಡಿಸಿದಾಗ ಅದು ಎಲ್ಲಿಗೆ ಬಂದು ಕೂರುತ್ತದೋ ಮೊದಲೇ ಹೇಳಲು ಬರುವುದಿಲ್ಲ ಎಂಬುದು ಅವಳಿಗೆ ಹೀಗೆ ಅಭ್ಯಾಸವಾಗಿತ್ತು.

ರಟ್ಟು ಕತ್ತರಿಸಿ ಉಳಿದ ಚೂರುಗಳ ಮೇಲೆ ಮನೆ ಹಾಕಿ ಪದಬಂಧ ಮಾಡುವುದು ಅವಳ ಹುಚ್ಚು. ಬಿಡಿಸಬೇಕಾದವನು ದೊಡ್ಡಪ್ಪ. ಮೂವತ್ತು ವರ್ಷ ಅದೇ ಪ್ರೆಸ್ಸಿನ ಮೆಷಿನ್ ಓಡಿಸಿ ಅವನ ಕಿವಿ ಮಂದವಾಗಿತ್ತು. ಅವನಿಗೆ ಗುಟ್ಟು ಹೇಳುವುದೂ ಓಣಿಯಲ್ಲಿ ಡಂಗುರ ಸಾರುವುದೂ ಒಂದೇ.

"ರೀ! ವಾರಕ್ಕೆ ಇಷ್ಟು, ಮಲಗಿದವನಿಗೆ ಇಷ್ಟು ಹೇಳಿದರೆ ಸಾಕು! ಎರಡಕ್ಷರ!"

"ಯಾರು ಮಲಗಿದ್ದಾರೆ?"

"ಏಳು ಕಣ್ರೀ, ಏಳು!"

ದೊಡ್ಡಪ್ಪ ಗೋಡೆ ಹಿಡಿದು ಎದ್ದು ನಿಂತ. "ಎದ್ದೆ ಬಿಡು. ಗಂಡನಿಗೆ 'ಏಳಿ' ಅನ್ನೋದು ಮರೆತೇ ಹೋಯ್ತೇನೇ ನಿನಗೆ?"

ಓಣಿಯ ಎರಡೂ ಕಡೆಯಿಂದ ನಗು ಕೇಳಿಸಿತು.

ಪ್ರೆಸ್ಸಿನ ಯಜಮಾನರು ವಾರಕ್ಕೊಂದು ನಾಲ್ಕು ಪುಟದ ಪತ್ರಿಕೆ ತರುತ್ತಿದ್ದರು. ಅದರ ಕೊನೆಯ ಪುಟದ ಬಲಮೂಲೆಯಲ್ಲಿ ಪದಬಂಧ. ಹದಿನೆಂಟು ವರ್ಷದಿಂದ ಅದನ್ನು ಮಾಡುತ್ತಿದ್ದವರು ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು. ಮೇಷ್ಟ್ರು ದೊಡ್ಡ ಪಂಡಿತರು. ಲೈಬ್ರರಿಯ ದಪ್ಪ ನಿಘಂಟಿನಲ್ಲಿ ಧೂಳು ಹಿಡಿದ ಪದವನ್ನೇ ಹುಡುಕಿ ತಂದು ಕೂರಿಸುತ್ತಿದ್ದರು. ಉತ್ತರ ಬರೆದು ಪ್ರೆಸ್ಸಿನ ಬಾಗಿಲ ಡಬ್ಬಿಗೆ ಹಾಕುವವರು ವಾರಕ್ಕೆ ಹನ್ನೊಂದು ಜನ, ಪ್ರತಿ ವಾರವೂ ಅದೇ ಹನ್ನೊಂದು ಜನ. ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಒಂದು ತಿಂಗಳು ಓದಬೇಡಿ, ಬರೆಯಬೇಡಿ ಎಂದರು ಡಾಕ್ಟರು. ಗುರುವಾರ ಮಧ್ಯಾಹ್ನ ಪುಟ ಸಿದ್ಧವಾಯಿತು, ಬಲಮೂಲೆ ಖಾಲಿ.

"ಸೋಫಾ ಅಂಗಡಿಯವರ ಜಾಹೀರಾತು ತುಂಬಿಬಿಡಿ ಅಲ್ಲಿ," ಎನ್ನುತ್ತಿದ್ದರು ಯಜಮಾನರು. ಅಷ್ಟರಲ್ಲಿ ದೊಡ್ಡಮ್ಮ ಅವರ ಮೇಜಿನ ಮೇಲೆ ಒಂದು ರಟ್ಟಿನ ಚೂರು ಇಟ್ಟಳು.

"ಏನಮ್ಮ ಇದು?"

"ಓದಿ."

ಯಜಮಾನರು ಕನ್ನಡಕ ಏರಿಸಿ ಓದಿದರು. "ಅಂಗಿಯಲ್ಲಿದ್ದರೆ ಹಾಕು, ರಸ್ತೆಯಲ್ಲಿದ್ದರೆ ಮುಚ್ಚು." ಛಾವಣಿ ನೋಡಿದರು. ತಮ್ಮ ಅಂಗಿ ನೋಡಿಕೊಂಡರು. "ಗುಂಡಿ! ಅಲ್ವಾ? ಗುಂಡಿ!" ಮುಂದಿನದು: "ಮಳೆಯಲ್ಲಿ ಇದನ್ನು ಕೇಳಿದರೆ ಜಿಪುಣ ಇದನ್ನೇ ಹೇಳುತ್ತಾನೆ." ಇದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಕೊಡೆ," ಎಂದು ಮೆಲ್ಲಗೆ ಹೇಳಿ, ಆಮೇಲೆ ಜೋರಾಗಿ "ಕೊಡೆ! ಕೊಡೋದೇ ಇಲ್ಲ!" ಎಂದು ಮೇಜು ಕುಟ್ಟಿದರು. "ನಿಲ್ಲಲು ಎರಡು ಬೇಕು, ನಾಲ್ಕು ಸೇರಿದರೆ ಒಂದು" ಎಂಬುದಕ್ಕೆ ಒಂದು ಲೋಟ ಕಾಫಿ ಮುಗಿದರೂ ಉತ್ತರ ಸಿಗಲಿಲ್ಲ. ಸಿಕ್ಕಿದಾಗ ತಮ್ಮ ಕಾಲಿಗೆ ತಾವೇ ಹೊಡೆದುಕೊಂಡರು. ಸೋಫಾ ಮೂರನೇ ಪುಟಕ್ಕೆ ಹೋಯಿತು.

ಪದಬಂಧದ ಕೆಳಗೆ 'ರಚನೆ: ಓದುಗರೊಬ್ಬರು' ಎಂದು ಅಚ್ಚಾಯಿತು. ಹೆಸರು ಹಾಕಲು ಯಜಮಾನರಿಗೆ ಧೈರ್ಯ ಬರಲಿಲ್ಲ. ಮೇಷ್ಟ್ರ ಜಾಗದಲ್ಲಿ ರಟ್ಟು ಹಾಕುವವಳ ಹೆಸರು ಹೇಗೆ ಹಾಕುವುದು? ಊರಿಗೆ ಮಾತ್ರ ಗೊತ್ತಾಗಿತ್ತು, ದೊಡ್ಡಪ್ಪನ ಕಿವಿಯ ಕೃಪೆ. ಹನ್ನೊಂದಿದ್ದ ಚೀಟಿ ಮೊದಲ ವಾರ ನಲವತ್ತಾಯಿತು, ಮೂರನೇ ವಾರ ನೂರು ದಾಟಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ಸೋಪಿನ ಮುಖದಲ್ಲೇ ಎದ್ದು "ಕರಿ! ಬಾಣಲೆಗೆ ಹಾಕಿ ಕರಿ, ಕಾಗೆಯ ಬಣ್ಣ ಕರಿ, ಸೊಂಡಿಲಿನ ಕರಿ!" ಎಂದು ಕೂಗುತ್ತಿದ್ದರಂತೆ. ಆಸ್ಪತ್ರೆಯ ನರ್ಸುಗಳು ಚೀಟಿಯನ್ನು ಔಷಧಿ ಕಾಗದದ ಹಿಂದೆ ಬರೆದು ಕಳಿಸುತ್ತಿದ್ದರು.

ನಾಲ್ಕನೇ ವಾರ, ಪಂಪ್‌ಹೌಸಿನ ಕೆಮ್ಮಿನ ದಿನ ಹುಟ್ಟಿದ ಸುಳಿವು ಬಂತು. 'ಎಡದಿಂದ ಬಲಕ್ಕೆ, ಏಳು: ಮನೆಗೂ ಬೇಕು, ದನಕ್ಕೂ ಬೇಕು, ಗಂಟಲಿಗೆ ಮಾತ್ರ ಬೇಡ. ಎರಡಕ್ಷರ.'

ಅದೇ ವಾರ ಮೇಷ್ಟ್ರ ಕಣ್ಣಿನ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಹಾಕಿಕೊಂಡು ಪದಬಂಧ ಬಿಡಿಸಲು ಕೂತ ಮೇಷ್ಟ್ರು ಏಳನೆಯದಕ್ಕೆ 'ಹಗ್ಗ' ಎಂದು ಬರೆದರು. ಅದೇ ಮೊದಲ ಮನೆಯಿಂದ ಕೆಳಗಿಳಿಯುವ ಪದಕ್ಕೆ ಸುಳಿವು, 'ಚೂರೇ ಇದ್ದರೂ ಚುನಾವಣೆಗೆ ಬೇಕೇ ಬೇಕು.' ಹಗ್ಗದ ಹ ಅಲ್ಲಿತ್ತಲ್ಲ, ಮೇಷ್ಟ್ರು 'ಹಣ' ಎಂದು ತುಂಬಿದರು. ಮುಂದಿನ ವಾರ ಉತ್ತರ ಅಚ್ಚಾದಾಗ ಅಲ್ಲಿದ್ದದ್ದು 'ಕಟ್ಟು' ಮತ್ತು 'ಕಣ'.

ಊರು ಎರಡು ಹೋಳಾಯಿತು. ಅರ್ಧ ಊರು ಹಗ್ಗದವರು. ಮೇಷ್ಟ್ರು ಪ್ರೆಸ್ಸಿಗೇ ಬಂದರು.

"ಹಣ ಇಲ್ಲದೆ ಚುನಾವಣೆ ಎಲ್ಲಾದರೂ ಉಂಟೇನಮ್ಮ?" ಎಂದರು.

"ಇಲ್ಲ ಮೇಷ್ಟ್ರೇ. ಆದ್ರೆ ಅದನ್ನ ಅಚ್ಚು ಹಾಕಿಸೋ ಧೈರ್ಯ ನನಗಿಲ್ಲ. ಕಣ ಅಂದ್ರೆ ಚೂರು, ಕಣ ಅಂದ್ರೆ ಚುನಾವಣೆಗೆ ನಿಲ್ಲೋ ಜಾಗ."

"ಸರಿ, ಹಗ್ಗಕ್ಕೇನಾಗಿದೆ?"

"ದನಕ್ಕೆ ಬೇಕು, ಒಪ್ಪಿದೆ. ಮನೆಗೆ ಹಗ್ಗ ಯಾಕೆ? ಮನೆ ಓಡಿಹೋಗುತ್ತಾ?"

ಮೆಷಿನ್ನಿನ ಹತ್ತಿರ ನಿಂತವರು ಕಿಸಕ್ಕೆಂದರು. ಮೇಷ್ಟ್ರ ಮುಖ ಕೆಂಪಾಯಿತು. "ನಗೋದಲ್ಲ. ಮನೆ ಕಟ್ಟೋದು ಸರಿ, ದನ ಕಟ್ಟೋದು ಸರಿ. ಗಂಟಲು ಕಟ್ಟೋದು ನಲ್ಲಿ ಹತ್ತಿರ ಆಡೋ ಮಾತು. ಪದಕ್ಕೆ ಅರ್ಥ ನಿಘಂಟಲ್ಲಿರಬೇಕು, ಬೀದಿಯಲ್ಲಲ್ಲ. ಆ ಮೂಲೆ ಹದಿನೆಂಟು ವರ್ಷ ನಾನು ಕಾಪಾಡಿಕೊಂಡು ಬಂದದ್ದು ಯಜಮಾನ್ರೇ. ನನಗೆ ವಾಪಸ್ಸು ಬೇಕು."

ಯಜಮಾನರಿಗೆ ಇಬ್ಬರೂ ಬೇಕಾದವರು. ಕೊನೆಗೆ ತೀರ್ಮಾನ ಮಾಡಿದರು: ಭಾನುವಾರ ಹತ್ತಕ್ಕೆ ಲೈಬ್ರರಿಯಲ್ಲಿ, ಎಲ್ಲರ ಮುಂದೆ, ನಿಘಂಟು ತೆಗೆದು ನೋಡುವುದು. ಅರ್ಥ ಇದ್ದರೆ ಮೂಲೆ ರಟ್ಟಕ್ಕನದು. ಇಲ್ಲದಿದ್ದರೆ ಮೇಷ್ಟ್ರದು.

"ಇದ್ದರೆ ನನ್ನ ಹೆಸರು ಹಾಕ್ತೀರಾ?" ಎಂದಳು ದೊಡ್ಡಮ್ಮ.

ಯಜಮಾನರು ತಲೆ ಕೆರೆದುಕೊಂಡರು. "ಹಾಕ್ತೀನಿ. ಇದ್ದರೆ ತಾನೇ?"

ಶನಿವಾರ ಸಂಜೆ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ಕಲ್ಲು ತಟ್ಟೆಯಲ್ಲೇ ಉಳಿಯುತ್ತಿತ್ತು, ಅಕ್ಕಿ ಹೊರಗೆ ಬೀಳುತ್ತಿತ್ತು.

"ಯಾಕೆ ದೊಡ್ಡಮ್ಮ, ಸೋಲ್ತೀವಿ ಅಂತ ಭಯಾನಾ?"

"ಅದಲ್ವೇ." ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು. ಆ ಮನೆಯಲ್ಲಿ ಪಿಸುಮಾತು ಕೇಳಿದ್ದು ನನಗೆ ಅದೇ ಮೊದಲು. "ಆ ನಿಘಂಟು ಕಟ್ಟಿದ್ದು ನಾನೇ. ಇಪ್ಪತ್ತೆರಡು ವರ್ಷ ಆಯ್ತು. ಹಳೇ ಹೊಲಿಗೆ ಪೂರ್ತಿ ಬಿಟ್ಟುಹೋಗಿತ್ತು, ಹೊಸದಾಗಿ ಕಟ್ಟಿಕೊಡಿ ಅಂತ ಕೊಟ್ಟಿದ್ರು. ಪ್ರತಿ ಫಾರಮ್ಮಿನ ಮೊದಲ ಪುಟದ ಕೆಳಗೆ ಸಣ್ಣಗೆ ನಂಬರ್ ಇರುತ್ತೆ. ನಾನು ಇಪ್ಪತ್ನಾಲ್ಕನ್ನ ಮೊದಲು ಹೊಲಿದು, ಇಪ್ಪತ್ಮೂರನ್ನ ಆಮೇಲೆ ಹೊಲಿದುಬಿಟ್ಟಿದ್ದೆ. ಕಣ್ಣಿಗೆ ಬಿದ್ದಾಗ ರಟ್ಟು ಹಾಕಿ, ಅಂಟು ಒಣಗಿ ಆಗಿತ್ತು."

"ಬಿಚ್ಚಬಹುದಿತ್ತಲ್ಲ?"

"ಬಿಚ್ಚಬಹುದಿತ್ತು. ಮಾರನೇ ದಿನ ಲೈಬ್ರರಿಗೆ ಮೇಲಿನವರು ಬರೋರಿದ್ರು. ಪುಸ್ತಕ ನೋಡಿದವರೆಲ್ಲ ಏನು ಚಂದ, ಏನು ಚಂದ ಅಂದ್ರು. ಸುಮ್ಮನಾದೆ." ಅವಳು ತಟ್ಟೆಯ ಕಡೆ ನೋಡಿದಳು. "ಮೂರು ದಿನ ಊಟ ಸೇರಲಿಲ್ಲ."

"ಇಷ್ಟು ವರ್ಷ ಯಾರೂ ನೋಡಿಲ್ವಾ?"

"ಯಾರೂ ಬಂದು ಕೇಳ್ಲಿಲ್ಲ. ಅದರಲ್ಲಿ ಯಾವ ಪದ ಇದೆ ಅಂತ ನೋಡೋ ಧೈರ್ಯ ನನಗೂ ಬರಲಿಲ್ಲ. ನಾಳೆ ಎಲ್ಲರೂ ಸೇರಿ ಆ ಪುಸ್ತಕ ತೆಗೀತಾರೆ. ಮೂಲೆ ಹೋದ್ರೆ ಹೋಗ್ಲಿ ಕಣೇ. ಕಟ್ಟೋ ಹೆಸರೂ ಹೋದ್ರೆ?"

"ಏನಂತೆ?" ಎಂದು ಕೂಗಿದ ದೊಡ್ಡಪ್ಪ ಆಚೆಯಿಂದ.

"ಏನಿಲ್ಲ!" ಎಂದು ಕೂಗಿದಳು ದೊಡ್ಡಮ್ಮ. ಏನೋ ಇದೆ ಎಂದು ಓಣಿಗೆ ಗೊತ್ತಾಗಲು ಅಷ್ಟು ಸಾಕಾಗಿತ್ತು.

ಭಾನುವಾರ ಲೈಬ್ರರಿಯ ಓದುವ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಕಿಟಕಿಯ ಕಟ್ಟೆ, ಏಣಿಯ ಮೆಟ್ಟಿಲು, ಎಲ್ಲ ಕಡೆ ಜನ. ಕ್ಷೌರದಂಗಡಿಯವನು ಅಂಗಡಿಗೆ ಬೀಗ ಹಾಕಿ ಗಿರಾಕಿಗಳ ಸಮೇತ ಬಂದಿದ್ದ. ಲೈಬ್ರರಿಯಮ್ಮ ನೀಲಿ ರಟ್ಟಿನ ನಿಘಂಟನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟರು. ದೊಡ್ಡಮ್ಮ ಗೋಡೆಗೆ ಆತು ನಿಂತಿದ್ದಳು. ಕೂರಿ ಎಂದರೆ ಕೂರಲಿಲ್ಲ.

ಮೇಷ್ಟ್ರು ಕಪ್ಪು ಕನ್ನಡಕ ತೆಗೆದು ಓದುವ ಕನ್ನಡಕ ಹಾಕಿಕೊಂಡರು. ಪುಟದ ಅಡಿಯಲ್ಲಿ ಪದ ಸಿಕ್ಕಿತು. ಕ್ಲಾಸಿನಲ್ಲಿ ಓದುವ ದನಿಯಲ್ಲಿ ಓದಿದರು.

"ಕಟ್ಟು. ಒಂದು: ಹಗ್ಗ ಮುಂತಾದುವುಗಳಿಂದ ಬಿಗಿ..."

"ಆಹಾ!" ಎಂದು ಎದ್ದರು ಹಗ್ಗದವರು. "ನೋಡಿ, ಅಲ್ಲೂ ಹಗ್ಗವೇ!"

"ಸದ್ದು! ಎರಡು: ಗಂಟು ಹಾಕು. ಮೂರು: ಮನೆ, ಗೋಡೆ ಮುಂತಾದುವನ್ನು ನಿರ್ಮಿಸು." ಎದುರಿನ ಪುಟಕ್ಕೆ ಕಣ್ಣು ಹಾಯಿಸಿದರು. "ಮುಗೀತು. ಇಲ್ಲಿಂದ ಮುಂದೆ 'ಕಣ್ಣು' ಶುರು. ಮೂರೇ ಅರ್ಥ. ಗಂಟಲಿನ ಸುದ್ದಿಯೇ ಇಲ್ಲ."

ಯಜಮಾನರು ದೊಡ್ಡಮ್ಮನ ಕಡೆ ನೋಡಲಾರದೆ ಫ್ಯಾನಿನ ಕಡೆ ನೋಡಿದರು. ನಾನು ಅವಳ ಮುಖ ನೋಡಿದೆ. ಕಟ್ಟು ಆದಮೇಲೆ ಕಡಿ, ಕಡೆ, ಕಡಲು ಯಾವುದೂ ಇಲ್ಲದೆ ಒಮ್ಮೆಗೇ ಕಣ್ಣು ಹೇಗೆ ಬಂತೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಅವಳು ಸುಮ್ಮನಿದ್ದರೆ ಮೂಲೆ ಹೋಗುತ್ತಿತ್ತು, ಅಷ್ಟೆ. ಪುಟ ಯಾರೋ ಹರಿದಿದ್ದಾರೆ ಎಂದುಬಿಟ್ಟಿದ್ದರೂ ನಡೆಯುತ್ತಿತ್ತು.

ಅವಳು ಗೋಡೆ ಬಿಟ್ಟು ಮುಂದೆ ಬಂದಳು.

"ಮೇಷ್ಟ್ರೇ, ಪುಟದ ನಂಬರ್ ಓದಿ."

"ಮುನ್ನೂರ ಐವತ್ತೆರಡು."

"ಅದರ ಮುಂದಿನದು?"

"ಮುನ್ನೂರ..." ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಅರವತ್ತೊಂಬತ್ತು."

"ಅಯ್ಯೋ, ಯಾರೋ ಹರಿದಿದ್ದಾರೆ!" ಎಂದರು ಲೈಬ್ರರಿಯಮ್ಮ ಎದೆ ಮುಟ್ಟಿಕೊಂಡು.

"ಯಾರೂ ಹರಿದಿಲ್ಲಮ್ಮ. ಇದನ್ನ ಕಟ್ಟಿದವಳು ನಾನು. ಒಂದು ಫಾರಂ ಹಿಂದುಮುಂದಾಗಿ ಹೊಲಿದೆ. ಗೊತ್ತಾದ ಮೇಲೂ ಬಿಚ್ಚಿ ಸರಿ ಮಾಡ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಮುಂದೆ ಮುಚ್ಚಿಟ್ಟಿದ್ದೀನಿ. ತಪ್ಪು ನಂದೇ." "ಹದಿನಾರು ಪುಟ ಮುಂದೆ ತಿರುವಿ. ಉಳಿದದ್ದು ಅಲ್ಲಿದೆ."

ಮೇಷ್ಟ್ರು ಒಂದೊಂದೇ ಹಾಳೆ ತಿರುವಿದರು. ಎಂಟು ಹಾಳೆ. ಎಂಟನೆಯದರ ಆಚೆ ಅವರ ಬೆರಳು ನಿಂತಿತು. ಮನಸ್ಸಿನಲ್ಲೇ ಕೊನೆಯವರೆಗೂ ಓದಿಕೊಂಡರು. ಮೇಷ್ಟ್ರು ಒಳ್ಳೆಯವರು, ಅವರು ಪುಸ್ತಕ ಮುಚ್ಚಲಿಲ್ಲ. ಗಂಟಲು ಸರಿಮಾಡಿಕೊಂಡು ಜೋರಾಗಿ ಓದಿದರು.

"ನಾಲ್ಕು: ಗೂಡು ಹೆಣೆ. ಐದು: ಹಾಡು, ಕತೆ ಮುಂತಾದುವನ್ನು ರಚಿಸು. ಆರು: ಸಂಘ ಮುಂತಾದುವನ್ನು ಸ್ಥಾಪಿಸು. ಏಳು: ಬೆಲೆ ನಿಗದಿ ಮಾಡು. ಎಂಟು: ಹಾಲು ಕೆನೆಗೂಡು. ಒಂಬತ್ತು: ಗಿಡ ಕಾಯಿ ಬಿಡು..."

ಮೊದಲು ಒಬ್ಬರು, ಆಮೇಲೆ ಹತ್ತು ಜನ ಜೊತೆಗೂಡಿದರು. ಮೇಷ್ಟ್ರು "ಮೋಡ" ಎಂದರೆ ಕೋಣೆಯೆಲ್ಲ "ಕಟ್ಟು!" ಎನ್ನುವುದು, "ಟೊಂಕ" ಎಂದರೆ "ಕಟ್ಟು!", "ಮೂಗು" ಎಂದರೆ "ಕಟ್ಟು!" ಮಗ್ಗಿ ಹೇಳುವ ಮಕ್ಕಳ ಹಾಗಾಗಿತ್ತು ಊರು. ದಿನಾ ಬಾಯಲ್ಲಿ ಓಡಾಡುವ ಒಂದು ಪದ ಇಷ್ಟು ದೊಡ್ಡ ಸಂಸಾರ ಇಟ್ಟುಕೊಂಡಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಹತ್ತೊಂಬತ್ತು," ಎಂದರು ಮೇಷ್ಟ್ರು. ನಿಲ್ಲಿಸಿದರು. ದೊಡ್ಡಮ್ಮನ ಕಡೆ ನೋಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಓದಿದರು. "ಗಂಟಲು ಸ್ವರ ಹೊರಡದಂತಾಗು."

ಕ್ಷೌರದಂಗಡಿಯವನು ಕುರ್ಚಿಯ ಮೇಲೆ ಹತ್ತಿ ನಿಂತ. "ಹಗ್ಗದವರು ಇನ್ನು ಹಗ್ಗ ಸುತ್ತಿಕೊಂಡು ಮನೆಗೆ ಹೋಗಬಹುದು!"

ಆ ಗದ್ದಲದಲ್ಲಿ ಬಾಗಿಲ ಬಳಿ ಕೂತಿದ್ದ ದೊಡ್ಡಪ್ಪ ನನ್ನ ಕೈ ಎಳೆದ. "ಏನಾಯ್ತು?"

"ಗೆದ್ಲು ದೊಡ್ಡಪ್ಪ!" ಎಂದೆ ಅವನ ಕಿವಿಯಲ್ಲಿ.

"ಗೆದ್ಲಾ?" ಅವನು ಗಾಬರಿಯಿಂದ ಎದ್ದ. "ಪುಸ್ತಕಕ್ಕಾ? ಎಷ್ಟು ಪುಟ ತಿಂದಿದೆ?"

ನಗು ಹೊರಗಿನ ರಸ್ತೆಯವರೆಗೂ ಹೋಯಿತು. ಮೇಷ್ಟ್ರು ಕೂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಪರೇಷನ್ ಆದ ಕಣ್ಣು, ಮೆಲ್ಲಗೆ ಒರೆಸಿ ಎಂದು ಯಾರೋ ಹೇಳಬೇಕಾಯಿತು.

"ಹದಿನೆಂಟು ವರ್ಷ ಇದೇ ಪುಸ್ತಕದಿಂದ ಪದ ಹೆಕ್ಕಿದ್ದೀನಿ," ಎಂದರು. "ಒಂದು ಸಲನೂ 'ಕಟ್ಟು' ಅಂತ ಹುಡುಕಿರಲಿಲ್ಲ. ಗೊತ್ತಿರೋ ಪದ ಅಲ್ವಾ ಅಂತ. ನಾನು ನೋಡಿದ್ದರೆ ನಿನ್ನ ತಪ್ಪು ಅವತ್ತೇ ಸಿಗ್ತಿತ್ತು ತಾಯಿ. ಮೂಲೆ ನಿಂದು. ಆದರೆ ಒಂದು. ವಾರವಾರ ಬಿಡಿಸೋನು ನಾನು. ನನಗೆ ರಿಯಾಯಿತಿ ತೋರಿಸಬೇಡ."

"ತೋರಿಸಲ್ಲ ಮೇಷ್ಟ್ರೇ."

"ಪುಸ್ತಕ ಕಟ್ಟು ಅನ್ನೋ ಅರ್ಥ ಮಾತ್ರ ಇಲ್ಲಿ ಬರೆದಿಲ್ಲ, ನೋಡು."

"ನಿಮ್ಮ ಕೈಯಲ್ಲೇ ಇದೆಯಲ್ಲ. ತಪ್ಪಾಗಿ ಕಟ್ಟಿದ್ದು, ಅಷ್ಟೆ."

ಅವಳು ನಿಘಂಟನ್ನು ಅವರ ಕೈಯಿಂದ ತೆಗೆದುಕೊಂಡಳು. ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಲೈಬ್ರರಿಯಮ್ಮ, ಇದನ್ನ ಒಯ್ತೀನಿ. ಬುಧವಾರ ವಾಪಸ್ಸು. ಪೂರ್ತಿ ಬಿಚ್ಚಿ ಕಟ್ಟಬೇಕು."

ಬೇಡ ಎನ್ನುವವರು ಯಾರೂ ಇರಲಿಲ್ಲ. ಜನ ದಾರಿ ಬಿಟ್ಟರು. ಮೂವತ್ತೊಂದು ವರ್ಷ ಹಿಂದಿನ ಬಾಗಿಲಿನಿಂದ ಓಡಾಡಿದ ಹೆಂಗಸು ಓದುವ ಕೋಣೆಯ ನಡುವೆ, ಚಪ್ಪಾಳೆಯ ನಡುವೆ, ತಲೆಯೆತ್ತಿ ನಡೆದಳು. ಯಜಮಾನರು ಪುಸ್ತಕ ಪೆನ್ನು ಹಿಡಿದು ಮೆಟ್ಟಿಲವರೆಗೂ ಅವಳ ಹಿಂದೆ ಬಂದರು.

"ಹೆಸರು ಏನಂತ ಹಾಕಲಮ್ಮ? ನಿನ್ನ ನಿಜವಾದ ಹೆಸರು..."

"ಅದನ್ನ ಹಾಕಿದ್ರೆ ಈ ಊರಲ್ಲಿ ಯಾರಿಗೆ ಗೊತ್ತಾಗುತ್ತೆ? ರಟ್ಟಕ್ಕ ಅಂತಲೇ ಹಾಕಿ. ದಪ್ಪ ಅಕ್ಷರದಲ್ಲಿ." ಅವಳು ನಕ್ಕಳು. "ಇವತ್ತಂತೂ ಎಲ್ಲಾ ರಟ್ಟಾಯ್ತಲ್ಲ."

"ಮುಂದಿನ ವಾರದ್ದು ಯಾವಾಗ ಕೊಡ್ತೀಯ?"

"ಈಗಲೇ ಬರಕೊಳ್ಳಿ," ಎಂದಳು, ಆಗಲೇ ಎರಡು ಮೆಟ್ಟಿಲು ಇಳಿದು, ನಿಘಂಟನ್ನು ಕಂಕುಳಿಗೆ ಏರಿಸಿಕೊಂಡು, ತಿರುಗಿ ನೋಡದೆ. "ಎಡದಿಂದ ಬಲಕ್ಕೆ, ಒಂದು. ಎರಡಕ್ಷರ. ಅಳೆದರೆ ಹನ್ನೆರಡು ಅಂಗುಲ, ಇಟ್ಟರೆ ಹೆಜ್ಜೆ, ಇನ್ನು ಮರದ ಹತ್ತಿರ ಹೋಗಿ ನೆರಳಿಗೆ ಅಂತ ನಿಂತರೆ, ನಿಂತ ಜಾಗವೂ ಇದೇ."